ಲೋಟ ಎಸೆದವರು: ಪಂಕ್ ಮತ್ತು ರ್ಯಾಪ್ ಕೂಡಿದ ಕಥೆ

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ನನ್ನ ಮೊಬೈಲಿನಲ್ಲಿ ಲಂಡನ್ನಿನ ಬಾಬ್ ವೈಲನ್ ಅನ್ನುವ ತಂಡದ ಹಾಡು ಓಡುತ್ತಿತ್ತು. ತಂಡ ಅಂದರೆ ಇಬ್ಬರೇ. ಒಬ್ಬ ಡ್ರಮ್ ಬಡಿಯುತ್ತಾನೆ, ಇನ್ನೊಬ್ಬ ಮೈಕು ಹಿಡಿದು ಒದರುತ್ತಾನೆ. ಗಿಟಾರಿನ ಸದ್ದು ಪಂಕ್ ರಾಕಿನದು, ಮಾತಿನ ಓಟ ರ್ಯಾಪಿನದು. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಪ್ರೈಮರಿ ಸ್ಕೂಲಿನ ಮೇಷ್ಟ್ರು ಕಿವಿಗೊಟ್ಟು ಕೇಳಿದರು. ಆಮೇಲೆ, 'ಏನಪ್ಪಾ ಇದು, ಇವರು ಹಾಡ್ತಾ ಇದಾರೋ ಜಗಳ ಆಡ್ತಾ ಇದಾರೋ?' ಅಂದರು. 'ಎರಡೂ ಸಾರ್' ಅಂದೆ. 'ಹಂಗಾದ್ರೆ ನಮ್ಮ ಕಡೆಯೋರೇ ಬಿಡು' ಅಂತ ನಕ್ಕರು.

ಇಂಥ ಹಾಡುಗಾರರ ಬಗ್ಗೆ ಇಂಗ್ಲಿಷ್ ಪತ್ರಿಕೆಗಳು ಬರೆಯುವಾಗ 'ಹೊಸ ಮಿಶ್ರಣ', 'ಹೊಸ ಪ್ರಯೋಗ' ಅಂತ ಬರೆಯುತ್ತವೆ. ಯಾರೋ ಬುದ್ಧಿವಂತ ಹುಡುಗ ಎರಡು ಬಾಟಲಿ ಔಷಧಿಯನ್ನು ಒಂದಕ್ಕೆ ಸುರಿದ ಹಾಗೆ. ಇದು ಸುಳ್ಳು. ಪಂಕ್ ಮತ್ತು ರ್ಯಾಪ್ ಐವತ್ತು ವರ್ಷದ ಹಿಂದೆ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ, ಒಂದೇ ದಿವಾಳಿ ಊರಿನಲ್ಲಿ ಹುಟ್ಟಿದ ಕೂಗುಗಳು. ಒಂದನ್ನೊಂದು ಸೇರಲು ಎಷ್ಟೋ ಸಲ ಹೊರಟವು. ನಡುವೆ ಗೋಡೆ ಇತ್ತು. ಆ ಗೋಡೆಯನ್ನು ತಾಳದವರು, ರಾಗದವರು ಕಟ್ಟಿದ್ದಲ್ಲ, ಚರ್ಮದ ಬಣ್ಣ ನೋಡುವವರು ಕಟ್ಟಿದ್ದು. ಅದನ್ನು ಯಾರು ದಾಟಿದರು, ದಾಟಿದ್ದಕ್ಕೆ ಯಾರಿಗೆ ಹೂವಿನ ಹಾರ ಬಿತ್ತು, ಯಾರಿಗೆ ಲೋಟ ಬಿತ್ತು ಅನ್ನುವುದನ್ನು ಮೇಷ್ಟ್ರಿಗೆ ಅವತ್ತು ಸಂಜೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರಿನಿಂದ 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದು ನಮಗೆಲ್ಲ ಗೊತ್ತು. ಆದರೆ ಆ ಕಪ್ಪು ಚಿರತೆಗಳ ಹಿಂದೆಯೇ ಬೆಳೆದ ಎಳೆ ಹುಡುಗರು ಅದೇ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಅನ್ನುವುದು ನಮ್ಮ ಭಾಷಣಗಳಲ್ಲಿ ಬರುವುದಿಲ್ಲ. ನ್ಯೂಯಾರ್ಕಿನ ಉತ್ತರಕ್ಕೆ ಬ್ರಾಂಕ್ಸ್ ಅನ್ನುವ ಭಾಗ ಇದೆ. ಕೂಲಿಕಾರರ ಊರು. ರಾಬರ್ಟ್ ಮೋಸೆಸ್ ಅನ್ನುವ ದೊಡ್ಡ ಅಧಿಕಾರಿ ಆ ಊರಿನ ಹೊಟ್ಟೆಯನ್ನು ಸೀಳಿ ಒಂದು ಹೆದ್ದಾರಿ ಹಾಕಿಸಿದ. 1948ರಲ್ಲಿ ಶುರುವಾದ ಕೆಲಸ 1972ರವರೆಗೆ ನಡೆಯಿತು. ಸಾವಿರಾರು ಸಂಸಾರಗಳು ಮನೆ ಬಿಟ್ಟು ಎದ್ದವು. ಕೈಯಲ್ಲಿ ಕಾಸಿದ್ದ ಬಿಳಿಯರು ಹೊರವಲಯಕ್ಕೆ ಹೋದರು. ಉಳಿದವರು ಕಪ್ಪು ಜನ ಮತ್ತು ಪೋರ್ಟೊರಿಕೋದಿಂದ ಬಂದವರು. ಆಮೇಲೆ ಶುರುವಾದದ್ದು ಬೆಂಕಿ. ಬಾಡಿಗೆ ಬರದ ಕಟ್ಟಡಕ್ಕೆ ಮಾಲೀಕನೇ ಬೆಂಕಿ ಇಡಿಸಿ ವಿಮೆ ದುಡ್ಡು ಎತ್ತುವುದು. ಅದೇ ಕಾಲಕ್ಕೆ ಸರ್ಕಾರ ದುಡ್ಡಿಲ್ಲ ಅಂತ ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿತು. ನ್ಯೂಯಾರ್ಕ್ ನಗರವೇ 1975ರಲ್ಲಿ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. 1977ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಬಂದು ಷಾರ್ಲಟ್ ಬೀದಿಯ ಇಟ್ಟಿಗೆ ರಾಶಿಯ ನಡುವೆ ನಿಂತು ಫೋಟೋ ತೆಗೆಸಿಕೊಂಡು ಹೋದ. ಗುಡಿಸಲು ಸುಟ್ಟ ಮೇಲೆ ಮಂತ್ರಿಗಳು ಬಂದು ಹೋಗುವುದನ್ನು ನಾವೂ ಕಂಡವರೇ.

ಆ ಊರಿನಲ್ಲಿ 1973ರ ಆಗಸ್ಟ್ 11ರಂದು, ಸೆಡ್ಜ್‌ವಿಕ್ ಅವೆನ್ಯೂ 1520ನೇ ನಂಬರಿನ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟಳು. ಸ್ಕೂಲು ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಿತ್ತು, ಅಷ್ಟೇ. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು. ರೆಕಾರ್ಡ್ ಹಾಕಲು ನಿಂತವನು ಅವಳ ಅಣ್ಣ ಕ್ಲೈವ್, ಕೂಲ್ ಹರ್ಕ್ ಅಂತ ಹೆಸರಾದವನು. ಜಮೈಕಾದಲ್ಲಿ ಹುಟ್ಟಿ 1967ರಲ್ಲಿ ಬ್ರಾಂಕ್ಸಿಗೆ ಬಂದ ಹುಡುಗ. ಹಾಡಿನಲ್ಲಿ ಗಾಯನ ನಿಂತು ಬರೀ ತಾಳ ಉಳಿಯುವ ಜಾಗ ಬಂದರೆ ಹುಡುಗರು ಕುಣಿಯಲು ಕಾಯುತ್ತಾರೆ ಅನ್ನುವುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ತಾಳ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಅದೇ ತಾಳ ಶುರು ಮಾಡುವ ಉಪಾಯ ಕಂಡುಕೊಂಡ. ಹತ್ತು ಸೆಕೆಂಡಿನ ತಾಳ ಹತ್ತು ನಿಮಿಷ ಆಯಿತು. ಅದರ ಮೇಲೆ ಮೈಕಿನಲ್ಲಿ ಮಾತು. ಮಾತು ಬೆಳೆದು ಪ್ರಾಸ. ಪಿಟೀಲು, ಪಿಯಾನೋ ಕೊಳ್ಳಲು, ಕಲಿಯಲು ಗತಿಯಿಲ್ಲದವರು ಬೇರೆಯವರ ರೆಕಾರ್ಡನ್ನೇ ವಾದ್ಯ ಮಾಡಿಕೊಂಡರು. ಸತ್ತ ದನದ ಚರ್ಮವನ್ನು ವಾದ್ಯ ಮಾಡಿಕೊಂಡ ಜನ ನಾವು, ನಮಗೆ ಇದರಲ್ಲಿ ಆಶ್ಚರ್ಯ ಇಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ನ್ಯೂಯಾರ್ಕಿನ ಕೆಳತುದಿಯಲ್ಲಿ, ಬೌರಿ ಅನ್ನುವ ಕುಡುಕರ, ಮನೆಯಿಲ್ಲದವರ ಬೀದಿಯಲ್ಲಿ ಸಿಬಿಜಿಬಿ ಎಂಬ ಸಾರಾಯಿ ಅಂಗಡಿ ತೆರೆಯಿತು. ಅಲ್ಲಿ 1974ರಿಂದ ರಮೋನ್ಸ್ ಮೊದಲಾದ ತಂಡಗಳು ಎರಡು ನಿಮಿಷದ ಹಾಡುಗಳನ್ನು ಹೊಡೆಯತೊಡಗಿದವು. ಮೂರು ಸ್ವರ, ಓಟ, ಕೂಗು. 'ಸಂಗೀತ ಬಲ್ಲವರು' ಮೂಗು ಮುರಿದರು. ಅದೇ ಪಂಕ್. ಬ್ರಾಂಕ್ಸಿಗೂ ಬೌರಿಗೂ ನಡುವೆ ಒಂದು ರೈಲು ಟಿಕೆಟ್ಟಿನಷ್ಟು ದೂರ. ಆದರೂ ಏಳೆಂಟು ವರ್ಷ ಇವರ ಕೂಗು ಅವರಿಗೆ ಕೇಳಲಿಲ್ಲ.

ಕೇಳಿಸಿಕೊಂಡದ್ದು ಸಮುದ್ರದ ಆಚೆ, ಲಂಡನ್ನಿನಲ್ಲಿ. ಅದಕ್ಕೂ ಕಾರಣ ಜಮೈಕಾ. ಬ್ರಿಟನ್ನಿನಲ್ಲಿ 1976ರ ಹೊತ್ತಿಗೆ ಹತ್ತು ಲಕ್ಷ ದಾಟಿ ಜನ ನಿರುದ್ಯೋಗಿಗಳು. ಬಿಳಿ ಕೂಲಿಕಾರರ ಮಕ್ಕಳಿಗೆ ಕೆಲಸ ಇಲ್ಲ; ಪಕ್ಕದ ಬೀದಿಯ ಜಮೈಕಾ ಮೂಲದ ಮಕ್ಕಳಿಗೆ ಕೆಲಸವೂ ಇಲ್ಲ, ಪೊಲೀಸರ ಕಾಟ ಬೇರೆ. ಪಂಕ್ ಅಲ್ಲಿ ಬೆಂಕಿ ಹಿಡಿಯಿತು. ಮಾರ್ಕ್ ಪೆರಿ ಅನ್ನುವ ಬ್ಯಾಂಕ್ ಗುಮಾಸ್ತ ಹುಡುಗ 1976ರ ಜುಲೈನಲ್ಲಿ 'ಸ್ನಿಫಿನ್ ಗ್ಲೂ' ಅಂತ ಪಂಕ್ ಪತ್ರಿಕೆ ತೆಗೆದ. ಟೈಪು ಮಾಡಿ, ಸ್ಕೆಚ್ ಪೆನ್ನಿನಲ್ಲಿ ತಲೆಬರಹ ಬರೆದು, ಜೆರಾಕ್ಸ್ ಹೊಡೆದು, ಪಿನ್ನು ಹಾಕಿದ್ದು. ಮೊದಲ ಸಂಚಿಕೆ 50 ಪ್ರತಿ. ನಮ್ಮ ಈ ಪುಟಗಳ ದಾಯಾದಿ ಅನ್ನಿ. ಲಂಡನ್ನಿನ ರಾಕ್ಸಿ ಎಂಬ ಪಂಕ್ ಜಾಗದಲ್ಲಿ 1977ರಲ್ಲಿ ರೆಕಾರ್ಡ್ ಹಾಕುತ್ತಿದ್ದವನು ಡಾನ್ ಲೆಟ್ಸ್, ಜಮೈಕಾದಿಂದ ಬಂದವರ ಮಗ. ಆಗಿನ್ನೂ ಪಂಕ್ ರೆಕಾರ್ಡುಗಳೇ ಹೆಚ್ಚು ಬಂದಿರಲಿಲ್ಲ. ಅವನು ತನ್ನ ಜನರ ರೆಗ್ಗೆ ಹಾಕಿದ. ಬಿಳಿ ಪಂಕ್ ಹುಡುಗರು ಕಪ್ಪು ತಾಳಕ್ಕೆ ಕುಣಿದು ಕಲಿತರು.

ಅಂದರೆ ಒಂದೇ ದ್ವೀಪದ ಗುಲಾಮರ ಮೊಮ್ಮಕ್ಕಳು ಒಬ್ಬ ಬ್ರಾಂಕ್ಸಿಗೆ ಹೋಗಿ ರ್ಯಾಪಿಗೆ ನೆಲ ಉತ್ತ, ಇನ್ನೊಬ್ಬ ಲಂಡನ್ನಿನಲ್ಲಿ ಪಂಕಿಗೆ ತಾಳ ಕಲಿಸಿದ. ಮುಂದೆ ಇವೆರಡೂ ಸೇರಿದಾಗ ಹೊಸ ಸಂಬಂಧ ಬೆಳೆಸಿದ್ದಲ್ಲ, ಅಕ್ಕತಂಗಿಯರ ಮಕ್ಕಳು ಕೂಡಿದ್ದು.

ಪಂಕ್ ಹುಡುಗರೆಲ್ಲ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಕೆಲವರು ಜನರನ್ನು ಬೆಚ್ಚಿಬೀಳಿಸಲು ಹಿಟ್ಲರನ ಸ್ವಸ್ತಿಕವನ್ನು ಅಂಗಿ ಮೇಲೆ ಹಾಕಿಕೊಂಡು ತಿರುಗಿದರು. ಎರಿಕ್ ಕ್ಲಾಪ್ಟನ್ ಅನ್ನುವ ಮಹಾ ಗಿಟಾರು ವಿದ್ವಾಂಸ (ಇವನು ಪಂಕ್ ಅಲ್ಲ, ಅವರಿಗಿಂತ ಹಿರಿಯ) 1976ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯಲ್ಲಿ ನಿಂತು ವಲಸೆ ಬಂದವರನ್ನು ಹೊರಗಟ್ಟಿ ಎಂದು ಬಾಯಿಗೆ ಬಂದಂತೆ ಮಾತಾಡಿದ. ಅವನಿಗೆ 1974ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ತಂದುಕೊಟ್ಟಿದ್ದು ಜಮೈಕಾದ ಬಾಬ್ ಮಾರ್ಲಿ ಬರೆದ ಹಾಡು! ಅವರ ಹಾಡು ಬೇಕು, ಅವರು ಬೇಡ. ಇದಕ್ಕೆ ಉತ್ತರವಾಗಿ 'ರಾಕ್ ಅಗೆನ್ಸ್ಟ್ ರೇಸಿಸಂ' ಚಳವಳಿ ಹುಟ್ಟಿತು. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಹತ್ತಾರು ಸಾವಿರ ಜನ ಸೇರಿದರು. ಕ್ಲ್ಯಾಶ್ ಎಂಬ ಪಂಕ್ ತಂಡ, ಸ್ಟೀಲ್ ಪಲ್ಸ್ ಎಂಬ ಕಪ್ಪು ರೆಗ್ಗೆ ತಂಡ, ಸೊಮಾಲಿ ತಂದೆಯ ಮಗಳಾದ ಪಾಲಿ ಸ್ಟೈರೀನ್ ಮುಂದೆ ನಿಂತು ಹಾಡಿದ ಎಕ್ಸ್‌ರೇ ಸ್ಪೆಕ್ಸ್, ಎಲ್ಲ ಒಂದೇ ವೇದಿಕೆಯಲ್ಲಿ.

ಈ ಕ್ಲ್ಯಾಶ್ ತಂಡದವರು 1980ರಲ್ಲಿ ರೆಕಾರ್ಡಿಂಗಿಗೆ ನ್ಯೂಯಾರ್ಕಿಗೆ ಹೋದರು. ಅಲ್ಲಿಗೆ ರ್ಯಾಪ್ ಬೀದಿಯಿಂದ ರೆಕಾರ್ಡಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. 1979ರಲ್ಲಿ ಶುಗರ್‌ಹಿಲ್ ಗ್ಯಾಂಗಿನ 'ರ್ಯಾಪರ್ಸ್ ಡಿಲೈಟ್' ಬಂದಿತ್ತು. ಆ ಹಾಡಿನ ಒಳಕಥೆ ಒಂದಿದೆ. ಅದರಲ್ಲಿ ಹಾಡಿದ ಒಬ್ಬ, ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಬ್ರಾಂಕ್ಸಿನ ಕವಿಹುಡುಗನ ನೋಟ್‌ಬುಕ್ಕಿನಿಂದ ಸಾಲು ತೆಗೆದು ಹಾಡಿದ. ಕ್ಯಾಜ್ ತನ್ನ ಹೆಸರನ್ನೇ ಅಕ್ಷರ ಬಿಡಿಸಿ ಬರೆದಿದ್ದ ಸಾಲೂ ಹಾಗೆ ಹಾಗೇ ಹೋಯಿತು. ರೆಕಾರ್ಡಿನ ಮೇಲೆ ಕ್ಯಾಜ್ ಹೆಸರಿಲ್ಲ, ದುಡ್ಡೂ ಇಲ್ಲ. ಆ ಕಂಪನಿ ನಡೆಸುತ್ತಿದ್ದವಳು ಸಿಲ್ವಿಯಾ ರಾಬಿನ್ಸನ್, ಕಪ್ಪು ಹೆಂಗಸೇ. ನಮ್ಮವರ ಅಂಗಡಿಯ ತಕ್ಕಡಿಯಲ್ಲೂ ಕಲ್ಲು ಕಡಿಮೆ ಇರಬಹುದು. ಇದನ್ನು ಮುಚ್ಚಿಟ್ಟು ಇತಿಹಾಸ ಬರೆಯಲು ನನಗೆ ಮನಸ್ಸಿಲ್ಲ.

ಕ್ಲ್ಯಾಶಿನ ಮಿಕ್ ಜೋನ್ಸ್‌ಗೆ ಈ ರ್ಯಾಪ್ ಹುಚ್ಚು ಹಿಡಿಯಿತು. ಅವರು 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಎಂಬ ಹಾಡು ಮಾಡಿದರು. ಬೆಳಿಗ್ಗೆ ಏಳಕ್ಕೆ ಎದ್ದು ಕೆಲಸಕ್ಕೆ ಓಡುವವನ ದಿನಚರಿ, ಪೂರ್ತಿ ರ್ಯಾಪ್ ಧಾಟಿ. ಬಿಳಿ ಪಂಕ್ ತಂಡವೊಂದು ರ್ಯಾಪಿಗೆ ಬಂದ ಮೊದಲ ಹಾಡುಗಳಲ್ಲಿ ಇದೊಂದು. ಇದರ ವಾದ್ಯದ ರೂಪವನ್ನು ನ್ಯೂಯಾರ್ಕಿನ ಕಪ್ಪು ಜನರ ರೇಡಿಯೋ ಡಬ್ಲ್ಯುಬಿಎಲ್‌ಎಸ್ 1981ರಲ್ಲಿ ಮತ್ತೆ ಮತ್ತೆ ಹಾಕಿತು. ಹಾಡಿದವರ ಬಣ್ಣ ಯಾವುದು ಅಂತ ಬ್ರಾಂಕ್ಸ್, ಹಾರ್ಲೆಮ್ಮಿನ ಹುಡುಗರು ಕೇಳಲಿಲ್ಲ, ಕುಣಿದರು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಯಾಕೆಂದರೆ ಈಗ ಲೋಟದ ಕಥೆ ಬರುತ್ತದೆ.

ಅದೇ 1981ರ ಮಾರ್ಚಿನಲ್ಲಿ ಸಿಬಿಜಿಬಿಯಿಂದ ಬೆಳೆದು ಬಂದ ಬ್ಲಾಂಡಿ ತಂಡದ 'ರ್ಯಾಪ್ಚರ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. ರ್ಯಾಪ್ ಇರುವ ಹಾಡೊಂದು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಹಾಡಿದ ಡೆಬಿ ಹ್ಯಾರಿ ಬಿಳಿ ಹೆಂಗಸು. ಅವಳು ಕೃತಜ್ಞತೆ ಇದ್ದವಳು. ಹಾಡಿನೊಳಗೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನ ಹೆಸರು ಹೇಳುತ್ತಾಳೆ. ಫೆಬ್ರವರಿಯಲ್ಲಿ ದೊಡ್ಡ ಟೀವಿ ಕಾರ್ಯಕ್ರಮಕ್ಕೆ ಕರೆದಾಗ ಬ್ರಾಂಕ್ಸಿನ ಫಂಕಿ ಫೋರ್ ಪ್ಲಸ್ ಒನ್ ತಂಡವನ್ನೂ ಜೊತೆಗೆ ಕರೆದುಕೊಂಡು ಹೋದಳು. ಆ 'ಪ್ಲಸ್ ಒನ್' ಷಾ ರಾಕ್ ಎಂಬ ಹುಡುಗಿ, ರ್ಯಾಪಿನ ಮೊದಲ ಹೆಣ್ಣು ದನಿಗಳಲ್ಲಿ ಒಬ್ಬಳು.

ಇಡೀ ದೇಶ ಫ್ಲ್ಯಾಶ್‌ನ ಹೆಸರನ್ನು ಬಿಳಿ ಬಾಯಿಂದ ಕೇಳಿ ಚಪ್ಪಾಳೆ ಹೊಡೆಯಿತು. ಎರಡು ತಿಂಗಳ ನಂತರ ಫ್ಲ್ಯಾಶ್ ತಾನೇ ಬಂದ. ಕ್ಲ್ಯಾಶ್ ತಂಡ ಟೈಮ್ಸ್ ಸ್ಕ್ವೇರಿನ ಬಾಂಡ್ಸ್ ಎಂಬ ಜಾಗದಲ್ಲಿ 1981ರ ಮೇ ಕೊನೆಯಲ್ಲಿ ಎಂಟು ರಾತ್ರಿ ಹಾಡಲು ಒಪ್ಪಿತ್ತು. ಅಲ್ಲಿನವರು ಹಿಡಿಸುವುದಕ್ಕಿಂತ ಹೆಚ್ಚು ಟಿಕೆಟ್ ಮಾರಿದ್ದರು, ಅಧಿಕಾರಿಗಳು ಬಾಗಿಲು ಮುಚ್ಚಿಸಿದರು, ಬೀದಿಯಲ್ಲಿ ಗಲಾಟೆ. ಟಿಕೆಟ್ ಕೊಂಡ ಎಲ್ಲರಿಗೂ ಹಾಡುತ್ತೇವೆ ಅಂತ ಕ್ಲ್ಯಾಶ್ ಹಟ ಹಿಡಿದು ಜೂನ್‌ವರೆಗೆ 17 ಆಟ ಕೊಟ್ಟಿತು. ತಮಗಿಂತ ಮುಂಚೆ ಹಾಡಲು ಅವರು ಕರೆಸಿದ್ದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ತಂಡವನ್ನು.

ಸಭೆಯ ಬಹುಪಾಲು ಬಿಳಿ ಹುಡುಗರು. ಚರ್ಮದ ಜಾಕೆಟ್ಟು, ಕೆದರಿದ ಕೂದಲು, ವ್ಯವಸ್ಥೆಯನ್ನು ಸುಟ್ಟುಬಿಡುತ್ತೇವೆ ಅನ್ನುವ ಬಿಲ್ಲೆಗಳು. ವೇದಿಕೆ ಮೇಲೆ ಆರು ಜನ ಕಪ್ಪು ಹುಡುಗರು, ಗಿಟಾರ್ ಇಲ್ಲ, ಎರಡು ರೆಕಾರ್ಡ್ ಪ್ಲೇಯರು, ಮೈಕು. ಸಭೆ ಹುಯಿಲಿಟ್ಟಿತು. ಪೇಪರ್ ಲೋಟಗಳು ಹಾರಿ ಬಂದವು. ಫ್ಲ್ಯಾಶ್ ಎಂಥ ಕೈಯವನು ಅಂದರೆ ಓಡುತ್ತಿರುವ ರೆಕಾರ್ಡನ್ನು ಬೆರಳಿನಲ್ಲಿ ಹಿಡಿದು ಕೂದಲೆಳೆ ತಪ್ಪದ ಹಾಗೆ ತಾಳ ಜೋಡಿಸುವವನು. ಅವನ ಕೈ ನೋಡುವ ವ್ಯವಧಾನ ಆ ಬಂಡಾಯಗಾರರಿಗೆ ಇರಲಿಲ್ಲ. ಕ್ಲ್ಯಾಶ್‌ನವರು ಪತ್ರಿಕೆಯವರ ಮುಂದೆ ತಮ್ಮ ಪ್ರೇಕ್ಷಕರ ಮೇಲೆಯೇ ಸಿಟ್ಟಾದರು. ಅದು ಅವರ ದೊಡ್ಡತನ. ಆದರೆ ಲೋಟ ಬಿದ್ದಾಗಿತ್ತು.

ಲೋಟ ಅಂದ ಕೂಡಲೆ ನನಗೆ ಬೇರೆ ಲೋಟ ನೆನಪಾಗುತ್ತದೆ. ನಮ್ಮಪ್ಪ ಹೋಟೆಲಿನ ಹಿಂದುಗಡೆ ಚಿಪ್ಪಿನಲ್ಲಿ ಟೀ ಕುಡಿದವನು. ಜಾತ್ರೆಯಲ್ಲಿ ಅವನ ತಮಟೆ ಎಲ್ಲರಿಗಿಂತ ಮುಂದೆ ಹೋಗುತ್ತದೆ, ಗುಡಿಯ ಮೆಟ್ಟಿಲ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಒಳಕ್ಕೆ ಬೇರೆ ವಾದ್ಯ. ಗುಡಿಯವರ ವಿಷಯ ಬಿಡಿ, ಅವರು ಸಮಾನತೆ ಅಂತ ಎಲ್ಲೂ ಹೇಳಿಲ್ಲ. ನನ್ನನ್ನು ಕಾಡುವುದು ಬಾಂಡ್ಸ್‌ನ ಸಭೆ. ಎಲ್ಲವನ್ನೂ ಧಿಕ್ಕರಿಸುತ್ತೇನೆ ಅಂತ ಬಿಲ್ಲೆ ಹಾಕಿಕೊಂಡವನ ಕೈಯಲ್ಲೂ ಒಂದು ಲೋಟ ಇತ್ತು.

ಮುಂದಿನ ವರ್ಷ, 1982ರಲ್ಲಿ, ಆ ತಂಡದ ಹೆಸರಿನಲ್ಲಿ 'ದಿ ಮೆಸೇಜ್' ಬಂತು. ಬ್ರಾಂಕ್ಸಿನ ಒಡೆದ ಗಾಜು, ಇಲಿ, ಸಾಲಗಾರ, ಜೈಲು ಎಲ್ಲ ಬಂದ ಹಾಡು. ಅದರಲ್ಲಿ ಕೇಳುವ ದನಿ ಮುಖ್ಯವಾಗಿ ಮೆಲೀ ಮೆಲ್ ಮತ್ತು ಡ್ಯೂಕ್ ಬೂಟೀಯದು. ಫ್ಲ್ಯಾಶ್ ಮರುವರ್ಷ ತನ್ನ ಪಾಲಿನ ದುಡ್ಡಿಗಾಗಿ ಅದೇ ಶುಗರ್‌ಹಿಲ್ ಕಂಪನಿಯ ಮೇಲೆ ಕೋರ್ಟಿಗೆ ಹೋದ.

ಇನ್ನೊಂದು ದಾರಿಯೂ ಇತ್ತು: ಕಪ್ಪು ಹುಡುಗರೇ ಪಂಕ್ ಹೊಡೆಯುವುದು. ಡೆಟ್ರಾಯಿಟಿನಲ್ಲಿ ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ ಎಂಬ ಮೂವರು ಅಣ್ಣತಮ್ಮಂದಿರು 'ಡೆತ್' ಅಂತ ತಂಡ ಕಟ್ಟಿ, ರಮೋನ್ಸ್‌ರ ಮೊದಲ ರೆಕಾರ್ಡಿಗಿಂತ ಮುಂಚೆಯೇ, 1975ರಲ್ಲಿ, ಪಂಕ್ ಅನ್ನುವಂಥ ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ದುಡ್ಡು ಹಾಕಲು ಬಂದ ದೊಡ್ಡ ಕಂಪನಿಯವರು ಹೆಸರು ಬದಲಾಯಿಸಿ ಅಂದರು. ಡೇವಿಡ್ ಒಪ್ಪಲಿಲ್ಲ. ಅವರೇ ಕೈಯಿಂದ ಹಾಕಿ 1976ರಲ್ಲಿ 500 ಪ್ರತಿ ತೆಗೆದರು. ಅಷ್ಟಕ್ಕೇ ಮುಗಿಯಿತು. ಡೇವಿಡ್ 2000ದಲ್ಲಿ ತೀರಿಕೊಂಡ. ಆ ಹಾಡುಗಳು ಲೋಕಕ್ಕೆ ಬಂದದ್ದು 2009ರಲ್ಲಿ. ಹೆಸರು ಮಾತ್ರ 'ಡೆತ್' ಅಂತಲೇ ಇತ್ತು.

ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್ ಇನ್ನೂ ದೊಡ್ಡವರು. ನಾಲ್ವರು ಕಪ್ಪು ಹುಡುಗರು. ಜಾಝ್ ಕಲಿತ ಕೈಗಳು, 1977ರ ಹೊತ್ತಿಗೆ ಪಂಕಿಗೆ ತಿರುಗಿದರು. ಅವರ ವೇಗಕ್ಕೆ ಸರಿಗಟ್ಟುವವರು ಆ ಕಾಲಕ್ಕೆ ಇರಲಿಲ್ಲ. ಅವರ ಮೊದಲ ಸಂಗ್ರಹ 1982ರಲ್ಲಿ ಬಂದದ್ದು ಬರೀ ಕ್ಯಾಸೆಟ್ಟಿನಲ್ಲಿ. ಹಳದಿ ಹೊದಿಕೆ, ಸಂಸತ್ ಭವನದ ಮೇಲೆ ಬೀಳುವ ಸಿಡಿಲಿನ ಚಿತ್ರ. ಅವರನ್ನು ದೇವರ ಹಾಗೆ ಕಂಡ ನ್ಯೂಯಾರ್ಕಿನ ಬಿಳಿ ಹುಡುಗರ ಒಂದು ಪಂಕ್ ತಂಡ 1981ರಲ್ಲಿ ಶುರುವಾಯಿತು: ಬೀಸ್ಟಿ ಬಾಯ್ಸ್. ಈ ಹುಡುಗರು ಪಂಕ್ ಬಿಟ್ಟು ರ್ಯಾಪಿಗೆ ಬಂದರು. ಡೆಫ್ ಜ್ಯಾಮ್ ಕಂಪನಿಯ ರಿಕ್ ರೂಬಿನ್, ಅವನೂ ಪಂಕ್ ತಂಡ ಕಟ್ಟಿದ್ದವನು, ಜೊತೆಯಾದ. ಈ ಬದಲಾವಣೆಯಲ್ಲಿ ತಂಡದ ಡ್ರಮ್ ಹುಡುಗಿ ಕೇಟ್ ಷೆಲನ್‌ಬಾಕ್ ಹೊರಗೆ ಬಿದ್ದಳು. ಗಂಡಸರ ಮಿಶ್ರಣಕ್ಕೆ ಹೆಣ್ಣು ಬೇಡವಾದಳು. 1986ರಲ್ಲಿ ಬಂದ ಅವರ 'ಲೈಸೆನ್ಸ್‌ಡ್ ಟು ಇಲ್' 1987ರ ಮಾರ್ಚಿನಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೆ ಏರಿತು. ಆ ಸ್ಥಾನ ಮುಟ್ಟಿದ ಮೊದಲ ರ್ಯಾಪ್ ಆಲ್ಬಂ.

ಅದೇ 1986ರಲ್ಲಿ ಬ್ಯಾಡ್ ಬ್ರೇನ್ಸ್ 'ಐ ಅಗೆನ್ಸ್ಟ್ ಐ' ತಂದರು. ಅದರಲ್ಲಿ ಒಂದು ಹಾಡಿನ ದನಿ ದೂರದಿಂದ, ಕೊಳವೆಯೊಳಗಿಂದ ಬಂದ ಹಾಗಿದೆ. ಗಾಂಜಾ ಕೇಸಿನಲ್ಲಿ ಜೈಲಿನಲ್ಲಿದ್ದ ಹಾಡುಗಾರ ಎಚ್.ಆರ್. ಅದನ್ನು ಜೈಲಿನ ಫೋನಿನಲ್ಲಿ ಹಾಡಿದ. ಗುರುಗಳ ದನಿ ಜೈಲಿನ ಫೋನಿನಲ್ಲಿ, ಶಿಷ್ಯರದು ದೇಶದ ಎಲ್ಲ ಅಂಗಡಿಯಲ್ಲಿ. ಆ ಗುರುಗಳನ್ನು ಪೂಜೆ ಮಾಡಲೂ ನನಗಾಗುವುದಿಲ್ಲ. ಸಲಿಂಗಿಗಳನ್ನು ಕಂಡರೆ ಅವರು ಆ ದಿನಗಳಲ್ಲಿ ನಡೆದುಕೊಂಡ ರೀತಿ ನಾಚಿಕೆಗೇಡಿನದು. 1982ರಲ್ಲಿ ಟೆಕ್ಸಾಸಿನಲ್ಲಿ ಇದೇ ವಿಷಯಕ್ಕೆ, ತಮಗೆ ನೆರವಾದ ಇನ್ನೊಂದು ಪಂಕ್ ತಂಡದೊಡನೆ ಜಗಳವಾಯಿತು. ತುಳಿಸಿಕೊಂಡವನ ಕಾಲ ಕೆಳಗೂ ಇನ್ನೊಬ್ಬ ಇರುತ್ತಾನೆ.

ಇಷ್ಟು ಹೇಳುವಾಗ ಮೇಷ್ಟ್ರು ತಡೆದು ಕೇಳಿದರು: 'ಆ ಲೋಟ ಎಸೆದೋರು ಆಮೇಲಾದ್ರೂ ರ್ಯಾಪ್ ಕೇಳಿದ್ರೇನಪ್ಪಾ?'

'ಕೇಳಿದ್ರು ಸಾರ್. ಐದು ವರ್ಷ ಆದ್ಮೇಲೆ. ಬಿಳಿ ಹುಡುಗರು ಹಾಡಿದಾಗ.'

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ, ಅದನ್ನು ಎಲ್ಲರೂ ಬರೆದಿದ್ದಾರೆ. 1991ರಲ್ಲಿ ಪಬ್ಲಿಕ್ ಎನಿಮಿ ಬಿಳಿ ಗಿಟಾರು ತಂಡ ಆಂಥ್ರಾಕ್ಸ್ ಜೊತೆ ಹಾಡಿತು. 1992ರಲ್ಲಿ ರ್ಯಾಪರ್ ಐಸ್-ಟಿ ತನ್ನ ಬಾಡಿ ಕೌಂಟ್ ತಂಡದಲ್ಲಿ ಪೊಲೀಸರ ದೌರ್ಜನ್ಯದ ವಿರುದ್ಧ ಹಾಡಿದ್ದಕ್ಕೆ ಪೊಲೀಸ್ ಸಂಘಗಳು ಎದ್ದು ನಿಂತವು, ಆ ಹಾಡನ್ನು ಆಲ್ಬಮ್ಮಿನಿಂದ ತೆಗೆಯಬೇಕಾಯಿತು. ಅದೇ ವರ್ಷ ರೇಜ್ ಅಗೆನ್ಸ್ಟ್ ದಿ ಮಷೀನ್ ಬಂತು. ಆಮೇಲೆ ಕಂಪನಿಗಳಿಗೆ ಈ ಮಿಶ್ರಣ ಚಿನ್ನದ ಗಣಿ ಅಂತ ಗೊತ್ತಾಯಿತು. ಶ್ರೀಮಂತ ಹುಡುಗರ ಮುನಿಸು ಹಾಡಾಗಿ ಲಕ್ಷಗಟ್ಟಲೆ ಮಾರಿತು.

ಹೀಗಿರುವಾಗ ಬ್ರಿಟನ್ನಿನಲ್ಲಿ 2017ರಲ್ಲಿ ಬಾಬ್ ವೈಲನ್ ಶುರುವಾಯಿತು. 'ನಿಮ್ಮ ದೇಶಕ್ಕೆ ವಾಪಸ್ ಹೋಗಿ' ಅನ್ನಿಸಿಕೊಂಡು ಬೆಳೆದ ಮಗುವಿನ ಸಿಟ್ಟು ಅವರ 'ವಿ ಲಿವ್ ಹಿಯರ್' ಹಾಡಿನಲ್ಲಿದೆ. ತುಂಬಾ ಖಾರವಾಯಿತು ಅಂತ ಕಂಪನಿಗಳು ಹಿಂಜರಿದವು. ಅವರು 2020ರಲ್ಲಿ ತಾವೇ ಹೊರತಂದರು, ಘೋಸ್ಟ್ ಥಿಯೇಟರ್ ಎಂಬ ತಮ್ಮದೇ ಹೆಸರಿನಲ್ಲಿ. 2022ರ 'ದಿ ಪ್ರೈಸ್ ಆಫ್ ಲೈಫ್' ಕೂಡ ಹಾಗೇ ಬಂದು ಬ್ರಿಟನ್ನಿನ ಮೊದಲ ಇಪ್ಪತ್ತರೊಳಗೆ ನಿಂತಿತು. ಕಪ್ಪು ಮೂಲದ ಸಂಗೀತಕ್ಕೆ ಕೊಡುವ ಮೋಬೋ ಪ್ರಶಸ್ತಿಗಳಲ್ಲಿ ರಾಕ್, ಪಂಕ್ ಹೊಡೆಯುವ ಕಪ್ಪು ಹಾಡುಗಾರರಿಗೆ ಅಲ್ಲಿಯವರೆಗೆ ಪ್ರತ್ಯೇಕ ಜಾಗವೇ ಇರಲಿಲ್ಲ. ಅದೇ 2022ರಲ್ಲಿ ಹೊಸದಾಗಿ ಒಂದು ವಿಭಾಗ ಮಾಡಿದರು, ಮೊದಲ ಪ್ರಶಸ್ತಿ ಇವರಿಗೆ. ಡೆಟ್ರಾಯಿಟಿನ ಹ್ಯಾಕ್ನಿ ಹುಡುಗರು ರೆಕಾರ್ಡ್ ಮಾಡಿ 47 ವರ್ಷ ಆಗಿತ್ತು.

2025ರ ಜೂನ್ 28ರಂದು ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಬಾಬಿ ವೈಲನ್, ಗಾಜಾದ ಸಾವುಗಳ ಸಿಟ್ಟಿನಲ್ಲಿ, ಇಸ್ರೇಲಿನ ಸೇನೆಗೆ ಸಾವಾಗಲಿ ಎಂದು ಸಭೆಯಿಂದ ಘೋಷಣೆ ಕೂಗಿಸಿದ. ನೇರ ಪ್ರಸಾರ ಮಾಡಿದ್ದ ಬಿಬಿಸಿ ಆಮೇಲೆ ಕ್ಷಮೆ ಕೇಳಿತು. ಯಾರಿಗೇ ಆಗಲಿ ಸಾವು ಕೋರುವ ಘೋಷಣೆ ನನ್ನ ಬಾಯಿಗೆ ಬರುವುದಿಲ್ಲ, ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಅಮೆರಿಕ ಸರ್ಕಾರ ಇಬ್ಬರ ವೀಸಾ ರದ್ದು ಮಾಡಿತು. ಆ ವರ್ಷ ಬ್ರಾಂಕ್ಸಿನ ದೇಶಕ್ಕೆ, ಬೌರಿಯ ದೇಶಕ್ಕೆ ಅವರು ಹೋಗಬೇಕಿದ್ದ ಪ್ರವಾಸ ನಿಂತುಹೋಯಿತು.

ಕತ್ತಲಾಗುತ್ತಾ ಬಂದಿತ್ತು. ಮೇಷ್ಟ್ರು 'ಇನ್ನೊಂದು ಸಲ ಹಾಕು' ಅಂದರು. ಹಾಕಿದೆ. ಸದ್ದಿಗೆ ಅಪ್ಪ ಒಳಗಿಂದ ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ. ಹಾಡುವವನನ್ನು ನೋಡಲಿಲ್ಲ, ಡ್ರಮ್ ಬಡಿಯುವವನ ಕೈಯನ್ನೇ ನೋಡುತ್ತಿದ್ದ.

'ಎಡಗೈ ಚೆನ್ನಾಗಿ ಬೀಳ್ತದೆ ಕಣ್ಲಾ ಇವನ್ದು' ಅಂದ.